ಕಾಂಪೊಸಿಷನ್ ಕ್ಲಾಸು: "ಸಾರಾಂಶ ಸರಿ, ಇದರಲ್ಲಿ ನೀವೆಲ್ಲಿ?" ಅಂದರೆ ಏನು ಬರೆಯಬೇಕು?

ಅಡಿಕೆ ತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಗೋಳು, ತಾಳ್ಮೆ ಇರಲಿ.

ನಾನು ಶಿವಮೊಗ್ಗ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿಎಸ್ಸಿ. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು ಮೂರು ವರ್ಷ ಆಯಿತು. ಗಂಡನ ಕೆಲಸದ ವೀಸಾ ಜೊತೆ ಸಿಕ್ಕ ನನ್ನ ಎಚ್4 ವೀಸಾದಲ್ಲಿ ಸದ್ಯಕ್ಕೆ ಕೆಲಸ ಮಾಡುವಂತಿಲ್ಲ, ಓದಬಹುದು. ನರ್ಸಿಂಗ್ ಮಾಡುವ ಆಸೆ. ಅದಕ್ಕೆ ಮೊದಲು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಕಾಂಪೊಸಿಷನ್ ಪಾಸಾಗಲೇಬೇಕು.

ಮೊದಲ ಪೇಪರಿಗೆ ಕೊಟ್ಟದ್ದು, ಕರಿಯರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಓದಿ ನಾಲ್ಕು ಪುಟದ 'ರೆಸ್ಪಾನ್ಸ್' ಬರೆಯಬೇಕಿತ್ತು. ಡಿಕ್ಷನರಿ ಇಟ್ಟುಕೊಂಡು ಮೂರು ಸಲ ಓದಿದೆ. ಯಾವ ಪ್ಯಾರಾದಲ್ಲಿ ಏನು ಹೇಳಿದ್ದಾರೆ ಅಂತ ಒಂದೂ ಬಿಡದೆ ಬರೆದೆ. ಪೀಠಿಕೆ, ವಿವರಣೆ, ಉಪಸಂಹಾರ ಎಲ್ಲ ಇತ್ತು. ಸಿ ಮೈನಸ್ ಬಂತು. ಕೊನೆಯಲ್ಲಿ ಟೀಚರ್ ಒಂದೇ ಸಾಲು ಬರೆದಿದ್ದರು: ಸಾರಾಂಶ ಸರಿಯಾಗಿದೆ, ಇದರಲ್ಲಿ ನೀವೆಲ್ಲಿ?

ಕಾರಿನಲ್ಲಿ ಕೂತು ಅತ್ತುಬಿಟ್ಟೆ, ಸುಳ್ಳು ಹೇಳಲ್ಲ.

ತಿದ್ದಿ ಕೊಡಲು ಹತ್ತು ದಿನ ಕೊಟ್ಟಿದ್ದಾರೆ. ನನ್ನ ಪ್ರಶ್ನೆ ಇಷ್ಟೇ. ಕಿಂಗ್ ಹೇಳಿದ್ದೆಲ್ಲ ಸರಿ. ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೆ ವಾದ ಮಾಡುವುದು ಏನನ್ನ? ಅಷ್ಟು ದೊಡ್ಡ ಮನುಷ್ಯನ ಬಗ್ಗೆ ಅಡಿಕೆ ಸುಲಿಯುವವರ ಮನೆ ಹುಡುಗಿ ಏನು ಹೇಳಬೇಕು?

ಬೆಣ್ಣೆ ದೋಸೆ

ಸಿ ಮೈನಸ್ ಕ್ಲಬ್ಬಿಗೆ ಸ್ವಾಗತ. ಟೆಕ್ಸಾಸ್‌ನಲ್ಲಿ ನನ್ನ ಮೊದಲ ಪೇಪರಿಗೂ ಅದೇ ಬಂದಿತ್ತು. 'ಎಂಎಲ್‌ಎ ಫಾರ್ಮ್ಯಾಟ್‌ನಲ್ಲಿ ಬರೆದು ತನ್ನಿ' ಅಂದಾಗ ನಮ್ಮೂರ ಶಾಸಕರ ಲೆಟರ್‌ಹೆಡ್ ಕಣ್ಮುಂದೆ ಬಂದಿತ್ತು. ಅದು ಪೇಪರ್ ಬರೆಯುವ ಒಂದು ಪದ್ಧತಿಯ ಹೆಸರು ಅಷ್ಟೇ.

ಸುಲಭದ ದಾರಿ ಹೇಳ್ತೀನಿ. ಏನಾದರೂ ಒಂದಕ್ಕೆ 'ನಾನು ಒಪ್ಪುವುದಿಲ್ಲ' ಅಂತ ಬರೆದುಬಿಡಿ. ಅವರಿಗೆ ಜಗಳ ಬೇಕು, ಅಷ್ಟೇ. ನಾನು ಹಾಗೇ ಮಾಡಿ ಬಿ ತಗೊಂಡೆ.

ನಂಜನಗೂಡು ರಸಬಾಳೆ

ಒಂದು ಡೌಟು. ಮಗಳು ಈ ವರ್ಷ ಕಾಲೇಜು ಸೇರಿದ್ದಾಳೆ, ಅವಳಿಗೂ ಇದೇ ಪತ್ರ ಇದೆ. ಕಿಂಗ್ ಇದನ್ನು ಬರೆದದ್ದು ಸರ್ಕಾರಕ್ಕೆ ಅಲ್ವಾ? ಬಿಡುಗಡೆ ಮಾಡಿ ಅಂತ?

ಚೌಕಿ

ರಸಬಾಳೆಯವರೇ, ಅಲ್ಲ. ಯಾರಿಗೆ ಬರೆದದ್ದು ಅನ್ನುವುದರಲ್ಲೇ ಅರ್ಧ ಉತ್ತರ ಇದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ. ನಾನು ಪುತ್ತೂರಿನವನು. ಇಲ್ಲಿ ಪಿಎಚ್‌ಡಿ ಮಾಡುತ್ತಾ ಇದೇ ಕೋರ್ಸನ್ನು ಮೊದಲ ವರ್ಷದವರಿಗೆ ಕಲಿಸುತ್ತೇನೆ.

ಕಿಂಗ್ ಅರೆಸ್ಟ್ ಆದದ್ದು ಏಪ್ರಿಲ್ 12, ಗುಡ್ ಫ್ರೈಡೇ ದಿನ. ಅದೇ ದಿನಾಂಕದ ಒಂದು ಹೇಳಿಕೆ ಇದೆ. ಅಲಬಾಮಾದ ಎಂಟು ಬಿಳಿಯ ಧರ್ಮಗುರುಗಳು ಸಹಿ ಹಾಕಿದ್ದು. ಬಿಷಪ್ಪರು, ಪಾದ್ರಿಗಳು, ಒಬ್ಬ ಯಹೂದಿ ರಬ್ಬಿ. ಅವರು ಕೆಟ್ಟವರ ಗುಂಪಲ್ಲ. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಬೀದಿಗಿಳಿಯಲು ಇದು ಸಮಯವಲ್ಲ, ಹೊರಗಿನವರು ಬಂದು ಮುಂದೆ ನಿಲ್ಲುವುದು ಬೇಡ, ಕೋರ್ಟಿದೆ, ಮಾತುಕತೆ ಇದೆ ಅಂದವರು. ಕಿಂಗ್ ಉತ್ತರ ಬರೆದದ್ದು ಇವರಿಗೆ. ಜೈಲಿನಲ್ಲಿ ನ್ಯೂಸ್‌ಪೇಪರಿನ ಅಂಚಿನಲ್ಲಿ ಶುರು ಮಾಡಿದ್ದು. ಪತ್ರದ ಮೇಲಿನ ದಿನಾಂಕ ಏಪ್ರಿಲ್ 16.

ಈಗ ಗಮನಿಸಿ. ಅಡಿಕೆ ತೋಟದವರಿಗೆ ಕೊಟ್ಟ ಕೆಲಸ ಯಾವುದೋ, ಕಿಂಗ್ ಮಾಡಿದ್ದೂ ಅದನ್ನೇ. ಒಂದು ಬರಹ ಓದಿ ಅದಕ್ಕೆ ಪ್ರತಿಕ್ರಿಯೆ ಬರೆದರು. ಅವರು 'ನಾನು ಒಪ್ಪುವುದಿಲ್ಲ' ಅಂತ ಶುರು ಮಾಡಲಿಲ್ಲ, ದೋಸೆಯವರೇ. ಆ ಎಂಟು ಜನರಿಗೆ 'ನಿಮ್ಮದು ಒಳ್ಳೆಯ ಮನಸ್ಸು, ಪ್ರಾಮಾಣಿಕವಾಗಿ ಹೇಳಿದ್ದೀರಿ, ಅದಕ್ಕೇ ಉತ್ತರ ಕೊಡ್ತಿದ್ದೇನೆ' ಅಂತ ಶುರು ಮಾಡಿದರು. ಆಮೇಲೆ ಅವರ ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡರು. ಹೊರಗಿನವನು ಅಂದಿರಾ? ಇಲ್ಲಿಯ ಸಂಘಟನೆಯೇ ನನ್ನನ್ನು ಕರೆದದ್ದು. ಕಾನೂನು ಮುರಿಯುತ್ತೀರಿ ಅಂದಿರಾ? ನ್ಯಾಯದ ಕಾನೂನು, ಅನ್ಯಾಯದ ಕಾನೂನು ಅಂತ ಎರಡಿದೆ. ಉಗ್ರವಾದಿ ಅಂದಿರಾ? ಮೊದಲು ಬೇಜಾರಾಯಿತು, ಆಮೇಲೆ ಯೋಚಿಸಿದರೆ ಏಸು, ಲಿಂಕನ್ ಎಲ್ಲರೂ ಆ ಸಾಲಿಗೇ ಸೇರುತ್ತಾರೆ.

ನಮ್ಮೂರ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿದವರಿಗೆ ಇದು ಹೊಸದಲ್ಲ. ವಾಲಿ ವಧೆ ಪ್ರಸಂಗ. ಮರದ ಮರೆಯಿಂದ ಬಾಣ ಬಿಟ್ಟೆಯಲ್ಲ, ನಿನಗೂ ನನಗೂ ಏನು ವೈರ ಅಂತ ವಾಲಿ ಕೇಳುತ್ತಾನೆ. ವಾಲಿಯ ಪರವಾಗಿ ಮಾತಾಡುವ ಅರ್ಥಧಾರಿ ಗಟ್ಟಿ ಇದ್ದರೆ ಮಾತ್ರ ರಾಮನ ಮಾತಿಗೆ ತೂಕ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾದರೆ ಸಭೆ ಪೂರ್ತಿ ವಾಲಿ ಕಡೆ ವಾಲುತ್ತಿತ್ತು ಅಂತ ನಮ್ಮಜ್ಜ ಹೇಳುತ್ತಿದ್ದರು. ಎದುರಾಳಿಯನ್ನು ಬಡಕಲು ಮಾಡಿ ಹೊಡೆದರೆ ಅದು ವಾದವಲ್ಲ.

ನಿವೃತ್ತ ಮೇಷ್ಟ್ರು

ಚೌಕಿಯವರ ಮಾತು ಚಂದ ಅದ. ಆದರ ಒಂದು ತಕರಾರು. ವಾಲಿ ಸಾಯೋದು ಮೊದಲೇ ಗೊತ್ತಿರತದ. ಪ್ರಸಂಗದ ಕೊನೆ ಯಾರೂ ಬದಲಿಸೋ ಹಂಗಿಲ್ಲ. ಈ ತಂಗಿ ಕೇಳಿದ್ದೂ ಅದನ್ನೇ ಅಲ್ಲೇನು? ಕಿಂಗ್ ಸರಿ ಅನ್ನೋದು ಮೊದಲೇ ತೀರ್ಮಾನ ಆಗೇದ. ಮತ್ತ ವಾದ ಎಲ್ಲಿಂದ ತರಬೇಕು?

ಚೌಕಿ

ಮೇಷ್ಟ್ರೇ, ನೀವು ತಕರಾರು ಅಂದದ್ದೇ ನನಗೆ ಉತ್ತರ. ಕೊನೆ ಗೊತ್ತಿದ್ದೂ ಜನ ರಾತ್ರಿಯಿಡೀ ಯಾಕೆ ಕೂರುತ್ತಾರೆ? ವಾಲಿ ಸಾಯುತ್ತಾನೋ ಇಲ್ಲವೋ ಅಂತ ನೋಡಲು ಯಾರೂ ಬರಲ್ಲ. ಇವತ್ತಿನ ರಾಮ ಹೇಗೆ ಸಮರ್ಥಿಸುತ್ತಾನೆ, ಯಾವ ಮಾತಿಗೆ ತಡವರಿಸುತ್ತಾನೆ, ಅದಕ್ಕೆ ಬರುತ್ತಾರೆ. 'ಸರಿಯೋ ತಪ್ಪೋ' ಅನ್ನುವುದು ಒಂದೇ ಪ್ರಶ್ನೆ ಅಲ್ಲ. ಕಿಂಗ್ ಸರಿ ಅಂತ ಒಪ್ಪಿಕೊಂಡ ಮೇಲೂ, ಈ ಪತ್ರ ಕೆಲಸ ಮಾಡುವುದು ಹೇಗೆ, ಯಾವ ಸಾಲಿನಲ್ಲಿ, ಯಾರ ಮೇಲೆ ಅನ್ನುವುದು ಬಾಕಿ ಇದೆ. ಅಲ್ಲಿ ಇಬ್ಬರು ಬುದ್ಧಿವಂತರು ಬೇರೆ ಬೇರೆ ಹೇಳಬಹುದು. ಇಬ್ಬರಿಗೆ ಜಾಗ ಇರುವ ಮಾತು ಸಿಕ್ಕಿದರೆ ನಿಮ್ಮ ಥೀಸಿಸ್, ಅಂದರೆ ಪೇಪರಿನ ಮುಖ್ಯ ವಾದ, ಸಿಕ್ಕಿದ ಹಾಗೆ.

ನಿವೃತ್ತ ಮೇಷ್ಟ್ರು

ಹಂಗಾದರ ಇದು ನಮ್ಮ ಪರೀಕ್ಷೆಯ ಹಳೇ ಪ್ರಶ್ನೆನೇ ಆತು. 'ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ.' ಧಾರವಾಡದಾಗ ಮೂವತ್ತು ವರ್ಷ ಪಿಯುಸಿ ಮಕ್ಕಳ ಪೇಪರ್ ತಿದ್ದೇನಿ. ಆಯ್ಕೆ ಬರೀತಿದ್ದರು, ಸಂದರ್ಭ ಬರೀತಿದ್ದರು. ಸ್ವಾರಸ್ಯಕ್ಕ ಬಂದ ಕೂಡಲೇ ಎಲ್ಲರದೂ ಒಂದೇ ಸಾಲು: 'ಕವಿಯ ಮಾತು ಬಹಳ ಸ್ವಾರಸ್ಯಪೂರ್ಣವಾಗಿದೆ.' ಯಾಕ ಸ್ವಾರಸ್ಯ ಅಂತ ಒಬ್ಬರೂ ಬರೀಲಿಲ್ಲ. ಅವರ ತಪ್ಪಲ್ಲ. ಗೈಡಿನಾಗ ಇದ್ದದ್ದೇ ಅಷ್ಟು, ನಾವು ಅಂಕ ಕೊಟ್ಟದ್ದೂ ಅದಕ್ಕೇ.

ತಂಗಿ, ನೀ ನಾಲ್ಕು ಪುಟ ಸಂದರ್ಭ ಬರದೀ. ಸ್ವಾರಸ್ಯ ಬಾಕಿ ಅದ.

ಅಡಿಕೆ ತೋಟ

ಮೇಷ್ಟ್ರೇ, ಈ ಒಂದು ಸಾಲಿನಿಂದ ಟೀಚರ್ ಏನು ಕೇಳಿದ್ದರು ಅಂತ ಈಗ ಅರ್ಥವಾಯಿತು. ನಿಜ ಹೇಳ್ತೀನಿ, ನಾನೂ 'ಸ್ವಾರಸ್ಯಪೂರ್ಣವಾಗಿದೆ' ಅಂತಲೇ ಬರೆದು ಪಾಸಾದವಳು.

ಆದರೆ ಸ್ವಾರಸ್ಯ ಹುಡುಕುವುದು ಎಲ್ಲಿ? ಪತ್ರ ತುಂಬಾ ಉದ್ದ ಇದೆ.

ಚೌಕಿ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಪತ್ರದ ಸಾಲು, ಇದ್ದ ಹಾಗೇ. ಬಲಗಡೆ ಅದನ್ನು ಓದುವಾಗ ನಿಮಗೆ ಏನಾಯಿತು. ಇಂಗ್ಲಿಷಿನಲ್ಲೇ ಬರೆಯಬೇಕು ಅಂತೇನಿಲ್ಲ, ಕನ್ನಡದಲ್ಲೇ ಬರೆಯಿರಿ. ಬುದ್ಧಿವಂತಿಕೆಯ ಮಾತು ಬೇಡ. ಎಲ್ಲಿ ನಿಂತಿರಿ, ಎಲ್ಲಿ ಮತ್ತೆ ಓದಿದಿರಿ, ಎಲ್ಲಿ ಬೋರಾಯಿತು. ಬೋರಾದದ್ದನ್ನೂ ಬರೆಯಿರಿ. ನಾಳೆ ಇಲ್ಲಿ ಹಾಕಿ.

ರಾತ್ರಿ ಪಾಳಿ

ಎಲ್ಲ ಓದಿದೆ. ನಾನು ನರ್ಸ್, ಹನ್ನೊಂದು ವರ್ಷದಿಂದ. ಆಸ್ಪತ್ರೆಯಲ್ಲಿ ಯಾರೂ ನನ್ನ ಹತ್ತಿರ ಥೀಸಿಸ್ ಕೇಳಿಲ್ಲ. ಇದು ನಮ್ಮಂಥ ಹೊರಗಿನವರನ್ನು ಸೋಸುವ ಜರಡಿ ಅಂತ ನನ್ನ ಅಭಿಪ್ರಾಯ. ಎಐಗೆ ಹೇಳಿ, ಎರಡು ನಿಮಿಷದಲ್ಲಿ ಬರೆದು ಕೊಡುತ್ತೆ. ಆ ಹೊತ್ತನ್ನು ಅನಾಟಮಿ ಓದಲು ಬಳಸಿ.

ಚೌಕಿ

ಜರಡಿ ಹೌದು, ಆದರೆ ಮಾಡಿದ್ದು ನಮಗಾಗಿ ಅಲ್ಲ. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಬರವಣಿಗೆ ಸೇರಿಸಿತು. ಒಳ್ಳೆಯ ಶಾಲೆಗಳಿಂದ ಬಂದ ಅವರದೇ ಹುಡುಗರು ಎಡವಿದರು. 1885ರಲ್ಲಿ ಮೊದಲ ವರ್ಷಕ್ಕೆ ಬರವಣಿಗೆ ಕೋರ್ಸು ಬಂತು. ಇವತ್ತಿನ ಕೋರ್ಸಿನ ಬೇರು ಅಲ್ಲಿದೆ. ಅವರಿಗೂ ಹುಟ್ಟಿನಿಂದ ಬಂದ ವಿದ್ಯೆ ಅಲ್ಲ ಇದು.

ಎಐ ಬಗ್ಗೆ: ಈ ಪತ್ರದ ಮೇಲೆ ಅದು ಬರೆಯುವ ಪೇಪರುಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಎಲ್ಲ ಒಂದೇ ಅಚ್ಚಿನ ಕಡುಬು. ತಪ್ಪೇನೂ ಇರಲ್ಲ. ಅದಕ್ಕೆ ಕೆಳಗೆ ನಾನೂ ಬರೆಯುವುದು 'ಇದರಲ್ಲಿ ನೀವೆಲ್ಲಿ' ಅಂತಲೇ.

ಅಡಿಕೆ ತೋಟ

ಗೆರೆ ಎಳೆದು ಬರೆದೆ. ಹೆಚ್ಚಿನದು ಸಪ್ಪೆ. ಒಂದು ಮಾತ್ರ ಇಲ್ಲಿ ಹಾಕಲು ನಾಚಿಕೆ ಆಗ್ತಿದೆ, ಆದರೂ ಹಾಕ್ತೀನಿ.

ಪತ್ರದ ನಡುವೆ ಒಂದು ವಾಕ್ಯ ಇದೆ. 340 ವರ್ಷದಿಂದ ಕಾಯುತ್ತಿದ್ದೇವೆ ಅಂದ ಮೇಲೆ ಬರುತ್ತದೆ. ನೀವು ಹೀಗೆ ನೋಡಿದಾಗ, ನೀವು ಹೀಗೆ ಕಂಡಾಗ ಅಂತ ಸೆಮಿಕೋಲನ್ ಹಾಕಿ ಹಾಕಿ ಮುಗಿಯುವುದೇ ಇಲ್ಲ. ಎಣಿಸಿದೆ, 300 ಪದ ದಾಟಿತು. ಮೊದಲ ಸಲ ಓದುವಾಗ ಬಸ್ಸಿನಲ್ಲಿದ್ದೆ. ವಾಕ್ಯದ ಕ್ರಿಯಾಪದ ಎಲ್ಲಿ ಅಂತ ಹುಡುಕುತ್ತಾ ನನ್ನ ಸ್ಟಾಪ್ ದಾಟಿಹೋಯಿತು. ಆರು ವರ್ಷದ ಮಗಳು ಟಿವಿಯಲ್ಲಿ ಜಾಹೀರಾತು ನೋಡಿ ಫನ್‌ಟೌನ್ ಅನ್ನುವ ಪಾರ್ಕಿಗೆ ಹೋಗೋಣ ಅನ್ನುತ್ತಾಳೆ, ಕರಿಯ ಮಕ್ಕಳಿಗೆ ಅಲ್ಲಿ ಪ್ರವೇಶ ಇಲ್ಲ ಅಂತ ಅಪ್ಪ ಹೇಳಬೇಕು. ಅಲ್ಲಿಗೆ ಬಂದಾಗ ಬಸ್ಸು ಎಲ್ಲೋ ಇತ್ತು.

ಬಲಗಡೆ ಬರೆದದ್ದು ಇಷ್ಟು: "ನನ್ನ ಇಂಗ್ಲಿಷ್ ವೀಕ್. ವಾಕ್ಯ ಯಾವಾಗ ಮುಗಿಯುತ್ತದೋ ಅಂತ ಕಾದೆ."

ಚೌಕಿ

ನಿಮ್ಮ ಪೇಪರ್ ಸಿಕ್ಕಿತು.

'ಕಾದೆ' ಅಂತ ಬರೆದಿದ್ದೀರಿ. ಆ ವಾಕ್ಯ ಯಾವುದರ ಬಗ್ಗೆ? ಕೊನೆಗೆ ಏನಂತ ಮುಗಿಯುತ್ತದೆ, ಇನ್ನೊಮ್ಮೆ ನೋಡಿ.

ಅಡಿಕೆ ತೋಟ

ಆಗ ನಿಮಗೆ ಅರ್ಥವಾಗುತ್ತದೆ, ಕಾಯುವುದು ನಮಗೆ ಯಾಕೆ ಕಷ್ಟ ಅಂತ.

ಅಯ್ಯೋ.

ಕಾಯುವುದರ ಬಗ್ಗೆ ಹೇಳಲು ನನ್ನನ್ನೇ ಕಾಯಿಸಿದರಾ?

ನಿವೃತ್ತ ಮೇಷ್ಟ್ರು

ಮೈ ಜುಂ ಅಂತು.

ನಂಜನಗೂಡು ರಸಬಾಳೆ

ಇದನ್ನು ಮಗಳಿಗೆ ಹೇಳಲ್ಲ. ಅವಳೇ ಹುಡುಕಲಿ.

ಅಡಿಕೆ ತೋಟ

ರಾತ್ರಿ ನಿದ್ದೆ ಬರಲಿಲ್ಲ. ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿದೆ. ಕಂಡಾಗ, ಕೇಳಿದಾಗ, ಮಗಳ ಕಣ್ಣಲ್ಲಿ ನೀರು ತುಂಬಿದಾಗ, ಆಗ ತಿಳಿಯುತ್ತದೆ. ಎಷ್ಟು ಸರಾಗವಾಗಿ ಬಂತು ಅಂದರೆ! ನಮ್ಮಲ್ಲಿ ಕ್ರಿಯಾಪದ ಕೊನೆಗೇ ಅಲ್ವಾ ಬರೋದು. ಕೊನೆಯವರೆಗೆ ಕಾಯುವುದು ನಮಗೆ ದಿನಾ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಯಾರು ಏನು ಮಾಡಿದರು ಅನ್ನುವುದು ಸಾಮಾನ್ಯವಾಗಿ ಮೊದಲೇ ಬಂದುಬಿಡುತ್ತದೆ. ಹಾಗಾದರೆ ಇಂಗ್ಲಿಷ್ ಮಾತಾಡಿ ಬೆಳೆದ ಆ ಎಂಟು ಜನರಿಗೆ ಇದು ನನಗಿಂತ ಜಾಸ್ತಿ ಉಸಿರು ಕಟ್ಟಿಸಿರಬೇಕು.

ಇದನ್ನೆಲ್ಲ ಪೇಪರಿನಲ್ಲಿ ಬರೆಯಬಹುದಾ? ಥೀಸಿಸ್ ಹೀಗೆ ಮಾಡಿದ್ದೇನೆ: 'ಕಿಂಗ್ ತಮ್ಮ ಪತ್ರದಲ್ಲಿ ಒಂದು ಬಹಳ ಉದ್ದದ ವಾಕ್ಯ ಬಳಸಿದ್ದಾರೆ.'

ಬೆಣ್ಣೆ ದೋಸೆ

ಅಷ್ಟು ಚೆಂದದ ಯೋಚನೆ ಮಾಡಿ ಕೊನೆಗೆ ಈ ಸಾಲಾ? ಇದಕ್ಕೆ ಯಾರು ಇಲ್ಲ ಅಂತಾರೆ? ಸ್ಕೇಲ್ ಹಿಡಿದು ಅಳೆಯಬಹುದು.

ಅಡಿಕೆ ತೋಟ

ಸರಿ ಸರಿ. ಇನ್ನೊಮ್ಮೆ. 'ಕಾಯಿರಿ ಎಂದವರಿಗೆ ಉತ್ತರವಾಗಿ, ಕಿಂಗ್ ಒಂದೇ ವಾಕ್ಯದಲ್ಲಿ ಓದುವವರನ್ನೇ ಕಾಯಿಸುತ್ತಾರೆ. ಕಾಯುವ ಕಷ್ಟವನ್ನು ವಿವರಿಸುವ ಬದಲು ಅನುಭವಕ್ಕೆ ತರುತ್ತಾರೆ.'

ರಾತ್ರಿ ಪಾಳಿ

ಇದಕ್ಕೆ ನಾನು ಇಲ್ಲ ಅಂತೀನಿ. ಆ ಮನುಷ್ಯ ಜೈಲಲ್ಲಿ ಸಿಟ್ಟು, ದುಃಖ ಎಲ್ಲ ಇಟ್ಟುಕೊಂಡು ಪೇಪರಿನ ಅಂಚಲ್ಲಿ ಬರೆದದ್ದು. ಜೊತೆಗೆ ಪಾದ್ರಿ, ವೇದಿಕೆ ಮೇಲೆ ಉದ್ದುದ್ದ ಮಾತಾಡಿ ಅಭ್ಯಾಸ. ಸುಮ್ನೆ ಹರಿದು ಬಂದದ್ದಕ್ಕೆ ನೀವು ಇಷ್ಟು ಲೆಕ್ಕಾಚಾರ ಹಚ್ಚುತ್ತಿದ್ದೀರಿ. ನಮ್ಮಲ್ಲಿ ಪೇಷಂಟ್ ಕಡೆಯವರು ದುಃಖದಲ್ಲಿ ಮಾತಾಡುವಾಗಲೂ ವಾಕ್ಯ ಮುಗಿಯಲ್ಲ. ಅದೇನು ಅಲಂಕಾರವಾ?

ಚೌಕಿ

ರಾತ್ರಿ ಪಾಳಿಯವರೇ, ಥೀಸಿಸ್ ಬೇಡ ಅಂದವರು ಇಡೀ ಥ್ರೆಡ್ಡಿನಲ್ಲೇ ಒಳ್ಳೆಯ ವಾಲಿ ಆದಿರಿ.

ಅಡಿಕೆ ತೋಟ, ಈ ಆಕ್ಷೇಪವನ್ನು ಪೇಪರಿನೊಳಗೆ ತನ್ನಿ, ಇಷ್ಟೇ ಗಟ್ಟಿಯಾಗಿ. ಮೆತ್ತಗೆ ಮಾಡಬೇಡಿ. ಆಮೇಲೆ ಉತ್ತರ ಹುಡುಕಿ. ಉತ್ತರ ಪತ್ರದಲ್ಲೇ ಇರಬೇಕು, ನಿಮ್ಮ ಭಕ್ತಿಯಲ್ಲಿ ಅಲ್ಲ.

ಅಡಿಕೆ ತೋಟ

ಎರಡು ದಿನ ಬೇಕಾಯಿತು. ಸಿಕ್ಕಿದ್ದು ಇದು. ಆ ವಾಕ್ಯದ ಆಚೆ ಈಚೆ ಇರುವ ವಾಕ್ಯಗಳು ಗಿಡ್ಡ ಇವೆ. ಹರಿದು ಬಂದದ್ದಾಗಿದ್ದರೆ ಅವೂ ಉದ್ದ ಇರಬೇಕಿತ್ತಲ್ಲ? ಆಮೇಲೆ, ಪ್ರತಿ ತುಂಡೂ 'ನೀವು', 'ನಿಮ್ಮ' ಅಂತ ಶುರುವಾಗುತ್ತದೆ. ದುಃಖದಲ್ಲಿರುವವರು 'ನಾನು, ನನಗೆ' ಅನ್ನುತ್ತಾರೆ. ಇವರು ಎದುರಿನವರನ್ನು ತನ್ನ ಜಾಗದಲ್ಲಿ ಕೂರಿಸುತ್ತಿದ್ದಾರೆ. ಆ ಆರು ವರ್ಷದ ಮಗಳು ಕಿಂಗ್ ಮಗಳು, ಆದರೆ ವಾಕ್ಯದಲ್ಲಿ ಅವಳು 'ನಿಮ್ಮ ಮಗಳು'. ಅದೂ ಅಲ್ಲದೆ ಜೈಲಿನಿಂದ ಹೊರಬಂದ ಮೇಲೆ ಪತ್ರವನ್ನು ತಿದ್ದಿ ಅಚ್ಚು ಮಾಡಿದ್ದು. ಬೇಡ ಅನಿಸಿದ್ದರೆ ವಾಕ್ಯ ಒಡೆಯಬಹುದಿತ್ತು.

ರಾತ್ರಿ ಪಾಳಿ

ಆ 'ನಿಮ್ಮ ಮಗಳು' ಮಾತಿಗೆ ಒಪ್ಪಿದೆ. ಉಳಿದದ್ದಕ್ಕೆ ಅರ್ಧ.

ಚೌಕಿ

ಅರ್ಧ ಒಪ್ಪಿಸಿದರೆ ಅದೇ ದೊಡ್ಡದು. ಈಗ ಒಂದು ತಾಂತ್ರಿಕ ಮಾತು. ಕ್ಲಾಸಿನಲ್ಲಿ ಟೂಲ್ಮಿನ್ ಅಂತ ಹೆಸರು ಕೇಳಿರುತ್ತೀರಿ. ಸ್ಟೀಫನ್ ಟೂಲ್ಮಿನ್, ಬ್ರಿಟಿಷ್ ತತ್ವಜ್ಞಾನಿ, 1958ರಲ್ಲಿ ಜನ ನಿಜವಾಗಿ ವಾದ ಮಾಡುವುದು ಹೇಗೆ ಅಂತ ಬಿಡಿಸಿ ತೋರಿಸಿದವರು. ಪಾರಿಭಾಷಿಕ ಪದ ನೋಡಿ ಹೆದರಬೇಡಿ, ನಿಮ್ಮ ಅಂಗಳದಲ್ಲೇ ಇದೆ ಅದು. 'ಮೋಡ ಕವಿದಿದೆ, ಅಡಿಕೆ ಒಳಗೆ ಹಾಕು' ಅಂತ ಅಮ್ಮ ಕೂಗುತ್ತಾರೆ. ಮೋಡ ಆಧಾರ. ಒಳಗೆ ಹಾಕು ಅನ್ನುವುದು ವಾದ. ನಡುವೆ ಹೇಳದೇ ಬಿಟ್ಟ ಒಂದು ಕೊಂಡಿ ಇದೆ: ಒಣಗಲು ಹಾಕಿದ ಅಡಿಕೆಗೆ ಮಳೆ ಬಿದ್ದರೆ ಹಾಳು. ನಿಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಬೆಂಗಳೂರಿನಿಂದ ಬಂದ ನೆಂಟರಿಗೆ ಹೇಳಬೇಕು. 'ಇದು ಬರೀ ಮಂಜು, ಮಳೆ ಬರಲ್ಲ' ಅಂತ ಅಪ್ಪ ಅಂದರೆ ಅದು ಆಕ್ಷೇಪ.

ನಿಮ್ಮ ಪೇಪರಿನಲ್ಲಿ ಬಿಟ್ಟುಹೋಗಿರುವುದು ಆ ಕೊಂಡಿ. 'ವಾಕ್ಯ ಉದ್ದ ಇದೆ, ಹಾಗಾಗಿ ಓದುವವರು ಕಾಯುವ ಕಷ್ಟ ಅನುಭವಿಸುತ್ತಾರೆ' ಅಂತೀರಿ. ಉದ್ದ ವಾಕ್ಯ ಯಾಕೆ ಕಾಯಿಸುತ್ತದೆ? ಕ್ರಿಯಾಪದ, ಕಂಡಾಗ ಕೇಳಿದಾಗ ಅಂತ ಮೇಲೆ ಬರೆದಿರಲ್ಲ, ಅದೇ ಕೊಂಡಿ. ಅದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಒಂದು ಪ್ಯಾರಾ ಕೊಡಿ. ನಿಮ್ಮ ಕ್ಲಾಸಿನಲ್ಲಿ ಬೇರೆಯವರಿಗೆ ಅದು ಕಾಣುವುದು ಕಷ್ಟ.

ಅಡಿಕೆ ತೋಟ

ಎರಡು ಪ್ರಶ್ನೆ. 'ನಾನು' ಅಂತ ಬರೆಯಬಹುದಾ? ಮತ್ತೆ, ಗ್ರೀನ್ ಕಾರ್ಡಿಗೆ ನಾವು ಕಾಯುತ್ತಿರುವುದನ್ನು ತರಬಹುದಾ? ಕಾಯುವುದು ಅಂದರೆ ನನಗೆ ಮೊದಲು ನೆನಪಾಗುವುದು ಅದು.

ನಿವೃತ್ತ ಮೇಷ್ಟ್ರು

ನಮ್ಮ ಕಾಲದಾಗ ಪ್ರಬಂಧದಾಗ 'ನಾನು' ಅಂದರ ಅಹಂಕಾರ ಅಂತಿದ್ದರು. 'ಎಂದು ಹೇಳಬಹುದಾಗಿದೆ' ಅಂತ ಬರಸ್ತಿದ್ದೆವು. ಯಾರು ಹೇಳಬಹುದು? ದೇವರಿಗೇ ಗೊತ್ತು.

ಚೌಕಿ

ಮೊದಲನೆಯದಕ್ಕೆ: ಟೀಚರನ್ನು ಕೇಳಿ, ಒಬ್ಬೊಬ್ಬರದು ಒಂದೊಂದು ಮಡಿ. ನಾನು ಬಿಡುತ್ತೇನೆ. ಬಸ್ಸಿನ ಕಥೆ 'ನಾನು' ಇಲ್ಲದೆ ಹೇಳಲು ಬರಲ್ಲ. ಆದರೆ 'ನನಗೆ ಅನಿಸುತ್ತದೆ' ಅಂತ ಪ್ರತಿ ಸಾಲಿಗೂ ಹಾಕಬೇಡಿ. ಅದು ಆಧಾರ ಇಲ್ಲದ ಕಡೆ ಹಾಕುವ ಮುಸುಕು.

ಎರಡನೆಯದಕ್ಕೆ: ಜಾಗ್ರತೆ. ವೀಸಾ ಕಾಯುವುದು ಕಷ್ಟ, ನಾನೂ ಬಲ್ಲೆ. ಆದರೆ ಮಗುವಿಗೆ ಪಾರ್ಕಿನ ಬಾಗಿಲು ಮುಚ್ಚುವುದರ ಪಕ್ಕದಲ್ಲಿ ಅದನ್ನು ಇಟ್ಟರೆ ಎರಡೂ ಸಣ್ಣದಾಗುತ್ತವೆ. 'ನೀವೆಲ್ಲಿ' ಅಂದರೆ ನಿಮ್ಮ ಜೀವನ ಚರಿತ್ರೆ ಎಲ್ಲಿ ಅಂತಲ್ಲ, ನಿಮ್ಮ ಓದು ಎಲ್ಲಿ ಅಂತ.

ಇನ್ನೊಂದು, ಮರೆಯುವ ಮೊದಲು. ಉದ್ಧರಣೆ ಹಾಕಿ ಓಡಿಹೋಗಬೇಡಿ. ನೆಂಟರನ್ನು ಮನೆಗೆ ಕರೆದು ಪರಿಚಯ ಮಾಡಿಸದೆ ಒಳಗೆ ಹೋದ ಹಾಗೆ ಅದು. ಯಾರು ಹೇಳಿದ್ದು ಅಂತ ಒಂದು ಸಾಲು, ಆಮೇಲೆ ಉದ್ಧರಣೆ, ಆಮೇಲೆ ಅದರಲ್ಲಿ ನಿಮಗೆ ಕಂಡದ್ದು. ಕಿಂಗ್ ಪದಗಳನ್ನೇ ಅಲ್ಲಿ ಇಲ್ಲಿ ಬದಲಿಸಿ ತೇಪೆ ಹಚ್ಚಿ ಬರೆಯುವುದೂ ಬೇಡ. ಗೈಡು ಓದಿ ಬೆಳೆದ ನಮಗೆಲ್ಲ ಈ ಚಾಳಿ ಇದೆ. ಇಲ್ಲಿ ಅದನ್ನು ಕದ್ದದ್ದು ಅಂತಲೇ ಲೆಕ್ಕ ಹಿಡಿಯಬಹುದು. ಪುಸ್ತಕ ಮುಚ್ಚಿ, ನೆನಪಿನಿಂದ ಕನ್ನಡದಲ್ಲಿ ಹೇಳಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ನನ್ನ ಮೊದಲ ವರ್ಷ ದಾಟಿಸಿದ್ದು ಅದೇ ಉಪಾಯ.

ನಂಜನಗೂಡು ರಸಬಾಳೆ

ಮಗಳು ಇವತ್ತು ಫೋನ್ ಮಾಡಿದ್ದಳು. ಅವಳು ಹಿಡಿದಿರುವುದು ಬೇರೆಯೇ. ಕಿಂಗ್‌ಗೆ ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಕ್ಲ್ಯಾನ್ ಗುಂಪಿನವರಿಗಿಂತ ಜಾಸ್ತಿ ಬೇಸರ ತರಿಸಿದ್ದು 'ಗುರಿ ಸರಿ, ದಾರಿ ಬೇಡ' ಅನ್ನುವ ಮಧ್ಯಮ ಜನ ಅಂತೆ. 'ಅಪ್ಪಾ, ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ನೀನೇ ಆ ಜನ' ಅಂದಳು. ಉತ್ತರ ಹೊಳೆಯಲಿಲ್ಲ.

ಅಡಿಕೆ ತೋಟ

ಎರಡು ವಾರ ಕಾಣೆಯಾಗಿದ್ದೆ, ಕ್ಷಮಿಸಿ. ಪೇಪರ್ ವಾಪಸ್ ಬಂತು. ಬಿ ಪ್ಲಸ್. ಬಸ್ ಸ್ಟಾಪ್ ದಾಟಿದ ಕಡೆ ಅಂಚಿನಲ್ಲಿ ಒಂದು ಗೀಟು ಎಳೆದು 'ಇಲ್ಲಿದ್ದೀರಿ' ಅಂತ ಬರೆದಿದ್ದಾರೆ. ಆಕ್ಷೇಪಕ್ಕೆ ಕೊಟ್ಟ ಉತ್ತರ ಅವಸರದ್ದು, ಇನ್ನೂ ಒಂದು ಪ್ಯಾರಾ ಬೇಕಿತ್ತು ಅಂತಲೂ ಇದೆ. ರಾತ್ರಿ ಪಾಳಿಯವರು ಅರ್ಧ ಮಾತ್ರ ಒಪ್ಪಿದ್ದು ಸರಿಯಾಗೇ ಇತ್ತು.

ಮುಂದಿನ ಓದು ಥೋರೋ ಅನ್ನುವ ಅಮೆರಿಕನ್ ಲೇಖಕರದು. ಗುಲಾಮಗಿರಿ, ಯುದ್ಧ ಎರಡನ್ನೂ ವಿರೋಧಿಸಿ ತೆರಿಗೆ ಕಟ್ಟದೆ 1846ರಲ್ಲಿ ಜೈಲಿಗೆ ಹೋದವರು. ಗಾಂಧೀಜಿ, ಕಿಂಗ್ ಇಬ್ಬರೂ ಓದಿ ಮೆಚ್ಚಿದ ಬರಹ. ಆದರೆ ಜೈಲಲ್ಲಿದ್ದದ್ದು ಒಂದೇ ರಾತ್ರಿ! ಬೇರೆ ಯಾರೋ ತೆರಿಗೆ ಕಟ್ಟಿ ಬಿಡಿಸಿದರಂತೆ. ಹೊರಗೆ ಬಂದು ಹಣ್ಣು ಕೀಳಲು ಹೋದರಂತೆ. ಓದುತ್ತಾ ನನಗೆ ಯಾಕೋ ಸಿಟ್ಟೇ ಬಂತು.

ಚೌಕಿ

ಯಾವ ಸಾಲಿಗೆ? ಎಡಗಡೆ ಬರೆದಿಡಿ.